ಎತ್ತಿಕೊಂಡರೆ ಕೈ ಅಭ್ಯಾಸವಾಗುವುದಿಲ್ಲವೇ?

“ಸಿಸ್ಟರ್, ಅತ್ತಾಗಲೆಲ್ಲ ಎತ್ಕೊಂಡ್ರೆ ಕೈ ಅಭ್ಯಾಸ ಆಗಿಬಿಡಲ್ವಾ?”

ತಾಲ್ಲೂಕು ಊರೊಂದರ ಲಸಿಕೆ ಕೋಣೆಯಲ್ಲಿ ಕುಳಿತು ಹದಿನಾರು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇನೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲ, ಆಗುವುದಿಲ್ಲ. ಎತ್ತಿಕೊಳ್ಳಿ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೇಳುವ ಬಾಣಂತಿಯ ಹಿಂದೆ ಅವಳ ತಾಯಿಯೋ ಅತ್ತೆಯೋ ನಿಂತಿರುತ್ತಾರೆ, “ಹಠ ಕಲಿಯುತ್ತೆ ಅಂತ ನೀವೇ ಬುದ್ಧಿ ಹೇಳಿ” ಎಂದು ನನ್ನನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಆ ‘ಹಠ’ ಎಂಬ ಮಾತಿಗೆ. ಹಠ ಮಾಡಬೇಕಾದರೆ, ತಾನು ಅತ್ತರೆ ಅಮ್ಮ ಸೋಲುತ್ತಾಳೆ ಎಂದು ಮೊದಲೇ ಲೆಕ್ಕ ಹಾಕಬೇಕು. ತನ್ನ ಮುಷ್ಟಿಯನ್ನು ಬೇಕೆಂದಾಗ ಬಾಯಿಗೆ ಒಯ್ಯಲೂ ಪರದಾಡುವ ಒಂದೂವರೆ ತಿಂಗಳ ಕೂಸಿಗೆ ಅಂಥ ಲೆಕ್ಕ ಎಲ್ಲಿಂದ ಬರಬೇಕು? ಹಸಿವಿಗೂ ನಿದ್ದೆಗೂ ಒದ್ದೆ ಬಟ್ಟೆಗೂ ಭಯಕ್ಕೂ ಅದಕ್ಕಿರುವುದು ಒಂದೇ ಅಳು. ಬಂದ ಸಂಕಟವನ್ನು ತಾನೇ ಇಳಿಸಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲವಾದ್ದರಿಂದ ದೊಡ್ಡವರ ಮೈಬಿಸಿ, ದನಿ, ತೂಗಾಟಗಳ ಆಸರೆಯಲ್ಲಿಯೇ ಅದು ಸಮಾಧಾನಗೊಳ್ಳಬೇಕು; ಹಾಗೆ ನೂರಾರು ಸಲ ಸಮಾಧಾನಗೊಂಡ ಮೇಲೆಯೇ ತನ್ನನ್ನು ತಾನು ಸಂತೈಸಿಕೊಳ್ಳುವುದನ್ನು ನಿಧಾನವಾಗಿ ಕಲಿಯುತ್ತದೆ.

ಈ ನಂಬಿಕೆ ಏಕೆ ಅಳಿಯುವುದಿಲ್ಲ ಎಂಬುದು ನನಗೆ ತಾಯಿ ಕಾರ್ಡಿನ ತಾರೀಕುಗಳನ್ನು ನೋಡುತ್ತಾ ಹೊಳೆಯಿತು. ಮಗುವಿನ ಅಳು ಹುಟ್ಟಿದ ಎರಡು ವಾರದ ನಂತರ ಏರತೊಡಗಿ, ಸುಮಾರು 6 ವಾರಕ್ಕೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ನಮ್ಮಲ್ಲಿ ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸು ಬೀಳುವುದೂ 6ನೇ ವಾರಕ್ಕೆ, ಮೂರನೆಯದು 14ನೇ ವಾರಕ್ಕೆ. ಆದ್ದರಿಂದ ಅಳು ಹೆಚ್ಚಿರುವ ಕಾಲದಲ್ಲಿಯೇ ಅವರು ನನ್ನೆದುರು ಕುಳಿತಿರುತ್ತಾರೆ, ಮನೆಗೆ ಹೋಗಿ ಎತ್ತಿಕೊಳ್ಳುವುದನ್ನು ಬಿಡುತ್ತಾರೆ, ಮೂರನೆಯ ಡೋಸಿಗೆ ಬಂದು “ಎತ್ಕೊಳ್ಳೋದು ಬಿಟ್ವಿ, ನೋಡಿ, ಅಳೋದೇ ನಿಂತುಹೋಯ್ತು” ಎನ್ನುತ್ತಾರೆ. ಎತ್ತಿಕೊಂಡಿದ್ದರೂ ಆ ಅಳು ಇಳಿಯುತ್ತಿತ್ತು.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿಗಳು 26 ತಾಯಿ ಮಕ್ಕಳನ್ನು ಅವರವರ ಮನೆಯಲ್ಲಿಯೇ ಗಮನಿಸಿ 1972ರಲ್ಲಿ ಬರೆದ ಪ್ರಕಾರ, ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಯ ಹೊತ್ತಿಗೆ ಅತ್ತದ್ದು ಕಡಿಮೆ. 1991ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನಕ್ಕೆ ಇದೇ ಫಲಿತಾಂಶ ಸಿಗಲಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಳುವನ್ನು ಎಣಿಸುವುದೊಂದೇ ಮಗುವನ್ನು ಅರಿಯುವ ದಾರಿಯಲ್ಲ. ಇನ್ನು, ರಾತ್ರಿಯೆಲ್ಲ ಎದ್ದು ಎದ್ದು ಸೋತ ತಾಯಿ ಮಗುವನ್ನು ಜೋಪಾನವಾಗಿ ಮಲಗಿಸಿ ಹತ್ತು ನಿಮಿಷ ಆಚೆ ಹೋಗಿ ಕುಳಿತರೆ ಅದು ತಪ್ಪಲ್ಲ. ಮನೆಯಲ್ಲಿ ಬೇರೆ ಕೈಗಳೂ ಇರಬೇಕಲ್ಲವೇ? ಮಗುವಿನ ಅಪ್ಪನಿಗೂ ಎರಡು ಕೈಗಳಿವೆ. ಎಷ್ಟು ಎತ್ತಿಕೊಂಡರೂ ಅಳು ನಿಲ್ಲದಿದ್ದರೆ, ಮಗು ಹಾಲು ಬಿಟ್ಟರೆ, ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಇಷ್ಟು ವರ್ಷಗಳಲ್ಲಿ ಒಬ್ಬರಾದರೂ “ಮಗು ಅಳದೆ ಎಚ್ಚರವಾಗಿದ್ದಾಗ ನಾವು ಏನು ಮಾಡಬೇಕು?” ಎಂದು ಕೇಳಿಲ್ಲ. ನಾನು ಕಾದಿರುವುದು ಆ ಪ್ರಶ್ನೆಗೆ. ಹೊಟ್ಟೆ ತುಂಬಿ, ಕಣ್ಣು ತೆರೆದು, ಸುಮ್ಮನೆ ಮಲಗಿರುವ ಆ ಸ್ವಲ್ಪ ಹೊತ್ತಿನಲ್ಲಿಯೇ ಕೂಸು ನೋಡಿ ಕೇಳಿ ಕಲಿಯುವ ತನ್ನ ದೊಡ್ಡ ಕೆಲಸವನ್ನೆಲ್ಲ ಮಾಡುವುದು, ಮತ್ತು ಆ ಹೊತ್ತಿನಲ್ಲಿಯೇ ಮನೆಯವರು ‘ಸದ್ಯ, ಸುಮ್ಮನಿದೆ’ ಎಂದು ಅದರ ಬಳಿಯಿಂದ ಎದ್ದು ಹೋಗುವುದು.

ಕೆಲವು ವರ್ಷಗಳ ಹಿಂದೆ ಮೂರನೆಯ ಡೋಸಿಗೆ ಒಂದು ಹೆಣ್ಣುಮಗು ಬಂದಿತ್ತು. “ನಮ್ದು ಬಲು ಸಾಧು ಮಗು ಸಿಸ್ಟರ್, ಇಟ್ಟ ಕಡೆ ಇರುತ್ತೆ” ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಮುಖ ನೋಡಿ ಮಾತಾಡಿಸಿದರೂ ಎತ್ತಿಕೊಳ್ಳುವ ಚಟ ಹತ್ತುತ್ತದೆ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದರಂತೆ. ನಾನು ಬಗ್ಗಿ ಮಾತಾಡಿಸಿದೆ. ಮಗು ಕಿಟಕಿಯ ಬೆಳಕಿನ ಕಡೆಗೆ ಮುಖ ತಿರುಗಿಸಿತು. ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಗೇಣಿನಷ್ಟು ಹತ್ತಿರ ಮುಖ ತಂದು, ಏನೂ ಮಾಡದೆ ಕಾದೆ. ಅದು ನನ್ನ ಹಣೆಯನ್ನು ನೋಡಿತು, ಆಮೇಲೆ ಕಣ್ಣು, ಆಮೇಲೆ ಬಾಯಿ. ತುಟಿ ದುಂಡಗೆ ಮಾಡಿ “ಅಗೂ” ಎಂದಿತು. “ಹೌದಾ ಕಂದಾ? ಆಮೇಲೆ?” ಎಂದೆ. ಕಾಲು ಎರಡೂ ಝಾಡಿಸಿ ಇನ್ನೊಮ್ಮೆ “ಅಗೂ” ಎಂದು, ಉತ್ತರಕ್ಕಾಗಿ ಕಾಯಿತು. ಪಕ್ಕದಲ್ಲಿದ್ದ ತಾಯಿ ಮೆಲ್ಲಗೆ ಕೇಳಿದಳು: “ಇವಳು ಮಾತಾಡ್ತಾಳಾ?”

ಮಾತಾಡುತ್ತಾಳಮ್ಮ. ನೀನು ಓಗೊಡಬೇಕು, ಅಷ್ಟೆ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ತಾಯಂದಿರಿಗೆ ಮೊದಲು ಮಗುವನ್ನು ಆಡಿಸಲು ಹೇಳಿ, ಆಮೇಲೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿ ಇಟ್ಟುಕೊಳ್ಳಲು ಹೇಳಿದರು. ಕೂಸುಗಳು ಮೊದಲು ನಕ್ಕು ಕರೆದವು, ಕೈ ಚಾಚಿದವು, ದನಿ ತೆಗೆದವು; ಏನೂ ಫಲಿಸದಿದ್ದಾಗ ಮುಖ ತಿರುಗಿಸಿಕೊಂಡವು. ಅದನ್ನು ಓದಿದಾಗ ನನಗೆ ಕಿಟಕಿಯ ಕಡೆಗೆ ತಿರುಗಿದ ಆ ಮುಖವೇ ನೆನಪಾಯಿತು.

ಭಾಷೆಯೂ ಈ ಎದುರುಬದುರಿನಲ್ಲಿಯೇ ಕೂಡುತ್ತದೆ. ‘ತ’ ಮತ್ತು ‘ಟ’ ಬೇರೆ ಬೇರೆ ಎಂದು ನಮ್ಮ ಕಿವಿಗೆ ಸಲೀಸಾಗಿ ತಿಳಿಯುತ್ತದೆ. ಕೆನಡಾದ ಸಂಶೋಧಕರಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇದೇ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದಾಗ, 6ರಿಂದ 8 ತಿಂಗಳವರಲ್ಲಿ ಬಹುಪಾಲು ಶಿಶುಗಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳವರಲ್ಲಿ ಹೆಚ್ಚಿನವು ಗುರುತಿಸಲಿಲ್ಲ. ಅದು ಪ್ರಕಟವಾದದ್ದು 1984ರಲ್ಲಿ. ನಮ್ಮ ಮಕ್ಕಳಲ್ಲಿ ಆ ಕಿವಿ ಉಳಿಯುವುದು ತಾತ, ಟೋಪಿ, ತಟ್ಟೆ ಎಂಬ ಮನೆಯ ಮಾತುಗಳಿಂದ. “ಮೊಬೈಲ್‌ನಲ್ಲಿ ಹಾಡು ಹಾಕಿಡ್ತೀವಲ್ಲ” ಎನ್ನುವವರಿಗೆ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿಯ 2003ರ ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಒಂಬತ್ತು ತಿಂಗಳ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಗಳನ್ನು ಹನ್ನೆರಡು ಪಾಠಗಳಲ್ಲಿ ಕಲಿತವು. ಅದೇ ಜನ, ಅದೇ ಮಾತು, ಅದೇ ಆಟಿಕೆಗಳನ್ನು ಟೀವಿಯಲ್ಲಿ ತೋರಿಸಿದಾಗ ಏನನ್ನೂ ಕಲಿಯಲಿಲ್ಲ.

ಆ ಹೆಣ್ಣುಮಗು ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆಗೆ ಮತ್ತೆ ಬಂತು. ನನ್ನ ಟಾರ್ಚನ್ನು ಕರವಸ್ತ್ರದಡಿ ಬಚ್ಚಿಟ್ಟರೆ ಬಟ್ಟೆ ಎಳೆದು ಹುಡುಕಿತು. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಎಂದು ಅದಕ್ಕೀಗ ತಿಳಿದಿತ್ತು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಅದು ನನ್ನ ಮುಖ ನೋಡಿ, ತಾಯಿಯ ಮುಖ ನೋಡಿ, ತುಟಿ ಬಿರಿದು ಜೋರಾಗಿ ಅಳುತ್ತಾ ಅವಳ ಸೆರಗನ್ನು ಹಿಡಿದುಕೊಂಡಿತು. “ನೋಡಿದ್ರಾ ಸಿಸ್ಟರ್, ಮೊದ್ಲು ಯಾರ ಹತ್ರ ಆದ್ರೂ ಹೋಗ್ತಿತ್ತು, ಎತ್ತಿ ಎತ್ತಿ ಹಿಂಗಾಯ್ತು” ಎಂದರು ಅಜ್ಜಿ. “ಅಮ್ಮಾ, ಅವಳಿಗೆ ಈಗ ತನ್ನವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗಿದೆ. ನಾನು ಹೊರಗಿನವಳು” ಎಂದೆ. ನನಗೆ ಸಂತೋಷವಾಗಿತ್ತು, ಅವರಿಗೆ ಅದು ಅರ್ಥವಾಗಲಿಲ್ಲ. ಸೂಜಿ ಚುಚ್ಚಿದೆ. ತಾಯಿ ಅವಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ನಡೆದು ಬಂದಳು. ನಾನು ಕಾರ್ಡಿನಲ್ಲಿ ತಾರೀಕು ಬರೆದು ಮುಗಿಸುವಷ್ಟರಲ್ಲಿ ಅಳು ನಿಂತಿತ್ತು, ಮಗು ಆ ಹೆಗಲಿನ ಮೇಲಿನಿಂದ ನನ್ನನ್ನೇ ನೋಡುತ್ತಿತ್ತು.