ಭಜಿ ಕಾಕಾ

ಪಂಚಮಿಗೆ ಹೆಂಡತಿ ತವರಿಗೆ ಹೋದರೆ ನಮ್ಮ ಮನೆಯಲ್ಲಿ ಎರಡು ನಿಲ್ಲುತ್ತವೆ. ಒಂದು, ರೊಟ್ಟಿ ಬಡಿಯುವ ಸದ್ದು. ಇನ್ನೊಂದು, ನಾನು ತಪ್ಪು ಮಾಡುವ ಮೊದಲೇ ನನ್ನನ್ನು ತಡೆಯುವ ಬಾಯಿ.

2025ರ ಶ್ರಾವಣದಲ್ಲೂ ಹೀಗೇ ಆಯಿತು. ಅವಳ ತಮ್ಮನ ಮಗುವಿನ ತೊಟ್ಟಿಲ ಕಾರ್ಯ ಇತ್ತು. ಹಬ್ಬ ಮುಗಿದರೂ ಜಮಖಂಡಿಯಲ್ಲೇ ಇನ್ನೊಂದು ವಾರ ಉಳಿದಳು. ಸರಿಯಾಗಿ ಅದೇ ವಾರ ಮಗಳ ಖೋ ಖೋ ತಂಡಕ್ಕೆ ತಿನಿಸು ಒಯ್ಯುವ ಪಾಳಿ ನಮ್ಮ ಮನೆಗೆ ಬಂತು. ಅದೂ ಎಂಥ ದಿನ? ವಲಯ ಮಟ್ಟದ ಆಟದ ದಿನ.

ಈ ಪಾಳಿಯ ಕಥೆ ಸ್ವಲ್ಪ ಹೇಳಬೇಕು. ಆ ವರ್ಷ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ನನ್ನ ಮಗಳು ಅದನ್ನು ನನ್ನ ಮೊಬೈಲ್‌ನಲ್ಲಿ ನೋಡಿ ಮುಗಿಸಿದಳು, ಡೇಟಾವನ್ನೂ ಮುಗಿಸಿದಳು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ರಾಜ್ಯದ ಬಿ. ಚೈತ್ರಾ ಇದ್ದರು. ಅಲ್ಲಿಂದ ನಮ್ಮ ಓಣಿಯ ಹುಡುಗಿಯರೆಲ್ಲ ಚೈತ್ರಾ ಆಗಿಬಿಟ್ಟರು. ಜೂನ್‌ನಲ್ಲಿ ಶಾಲೆ ಶುರುವಾದಾಗ ಪಿ.ಟಿ. ಸರ್ ತಂಡ ಕಟ್ಟಿದರು. ಹನ್ನೆರಡು ಹುಡುಗಿಯರು, ಎಲ್ಲರೂ ಏಳನೇ ಇಲ್ಲವೇ ಎಂಟನೇ ಇಯತ್ತೆ.

ಪ್ರಾಕ್ಟೀಸ್ ಸಂಜೆ ಆರಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಬಿಸಿಯೂಟ ಉಂಡ ಮಕ್ಕಳು, ಆರು ಗಂಟೆಗೆ ಹಸಿದು ಗೇಟಿನ ಹೊರಗಿನ ಗಾಡಿಗೆ ಮುತ್ತುತ್ತಿದ್ದರು. ಐದು ರೂಪಾಯಿಯ ಕುರುಕಲು ಪಾಕೀಟು, ಬಣ್ಣದ ಪೆಪ್ಸಿ. ತಾಯಂದಿರು ಇದನ್ನು ನೋಡಿ ಒಂದು ಪಟ್ಟಿ ಮಾಡಿದರು. ವಾರಕ್ಕೆ ಆರು ದಿನ, ಹನ್ನೆರಡು ಮನೆ. ಹದಿನೈದು ದಿನಕ್ಕೊಮ್ಮೆ ಒಂದು ಪಾಳಿ. ಏನು ಕೊಡಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು.

ಆ ಪಟ್ಟಿಯಿಂದ ಬಂದ ತಿನಿಸು ನೋಡಿದರೆ ನನಗೇ ಮತ್ತೆ ಶಾಲೆಗೆ ಹೋಗಬೇಕು ಅನ್ನಿಸುತ್ತಿತ್ತು. ಒಬ್ಬರ ಮನೆಯಿಂದ ಮೊಳಕೆ ಬಂದ ಮಡಕಿ ಕಾಳಿನ ಉಸುಳಿ. ಇನ್ನೊಬ್ಬರು ಬಿಸಿ ಜೋಳದ ರೊಟ್ಟಿಗೆ ತುಪ್ಪ ಸವರಿ, ಶೇಂಗಾ ಚಟ್ನಿ ಉದುರಿಸಿ, ಸುರುಳಿ ಸುತ್ತಿ ಕಳಿಸುತ್ತಿದ್ದರು. ಒಬ್ಬ ಹುಡುಗಿಯ ತಾಯಿ ನಾಲ್ಕು ಮನೆ ಕೆಲಸ ಮಾಡುವವರು. ಅವರು ಫುಟಾಣಿ ಮತ್ತು ಬೆಲ್ಲದ ಚೂರು ಪೇಪರ್ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದರು. ಅವರ ಪಾಳಿಯ ದಿನ ಪೊಟ್ಟಣದ ತಳ ಕೂಡ ಉಳಿಯುತ್ತಿರಲಿಲ್ಲ. ಮೊಟ್ಟೆಯ ವಿಷಯಕ್ಕೆ ಮಾತ್ರ ಒಂದು ಸಣ್ಣ ಜಗಳ ಆಯಿತು. "ಸಾಲ್ಯಾಗ ಹೆಂಗೂ ಕೊಡ್ತಾರಲ್ರಿ" ಅಂತ ಒಬ್ಬರು. ಅದು ನಿಜ. ವಿಜಯಪುರ ಜಿಲ್ಲೆಯ ಶಾಲೆಗಳಿಗೆ ಮೊಟ್ಟೆ 2021ರ ಡಿಸೆಂಬರ್‌ನಲ್ಲೇ ಬಂತು, ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ. ಬೇಡ ಅಂದವರಿಗೆ ಬಾಳೆಹಣ್ಣು. "ಶ್ರಾವಣದಾಗ ಬ್ಯಾಡ್ರಿ" ಅಂತ ಇನ್ನೊಬ್ಬರು. ಶ್ರಾವಣ ಗೆದ್ದಿತು.

ಇಷ್ಟೆಲ್ಲ ನಡೆಯುವಾಗ ನಾನೆಲ್ಲಿದ್ದೆ? ಅಂಗಡಿಯಲ್ಲಿ. ನನ್ನದು ಮೋಟರ್ ರಿವೈಂಡಿಂಗ್ ಕೆಲಸ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ಬರುವ ರೈತರಿಗೆ ಪಾಳಿ ಹಚ್ಚುವಷ್ಟು ಕೆಲಸ. ಮಳೆ ಬಿದ್ದರೆ ನೊಣ ಹೊಡೆಯುವ ಕೆಲಸ. ಹಾಗಾಗಿ ಆಗಸ್ಟ್‌ನಲ್ಲಿ ನಾನು ಖಾಲಿ. ಖಾಲಿ ಗಂಡಸಿಗೆ ಜವಾಬ್ದಾರಿ ಕೊಡಬಾರದು ಅಂತ ನನ್ನ ಅತ್ತೆ ಹೇಳುತ್ತಾರೆ. ಆಗ ಬೇಜಾರಾಗಿತ್ತು.

ಹಿಂದಿನ ರಾತ್ರಿ ಹೆಂಡತಿ ಫೋನ್ ಮಾಡಿದಳು.

"ಕಪಾಟಿನ ಮ್ಯಾಲಿನ ಸ್ಟೀಲ್ ಡಬ್ಬ್ಯಾಗ ಶೇಂಗಾ ಉಂಡಿ ಅದಾವ. ಒಬ್ಬೊಬ್ಬರಿಗೆ ಒಂದ. ಬಾಳೆಹಣ್ಣು ಒಂದ ಡಜನ್ ತಗೋರಿ. ಲಿಂಬು ನೀರು ಮಾಡ್ರಿ, ಚಿಟಕಿ ಉಪ್ಪು ಮರೀಬ್ಯಾಡ್ರಿ. ಅಷ್ಟ ಸಾಕು."

"ಅಷ್ಟ?"

"ಅಷ್ಟ."

ಫೋನ್ ಇಟ್ಟ ಮೇಲೆ ಕುಳಿತು ಯೋಚಿಸಿದೆ. ಮ್ಯಾಚಿನ ದಿನ. ಬೇರೆ ಶಾಲೆಯ ತಂದೆ ತಾಯಿ ಎಲ್ಲ ಬಂದಿರುತ್ತಾರೆ. ಅಂಥ ದಿನ ಒಂದು ಉಂಡಿ, ಒಂದು ಬಾಳೆಹಣ್ಣು? ಜನ ಏನಂದಾರು? ಮೊದಲ ಸಲ ಅಪ್ಪ ಬಂದಿದ್ದಾನೆ, ಅಪ್ಪನ ಕೈ ಇಷ್ಟೇ ಏನು ಅನ್ನುವುದಿಲ್ಲವೇ? ಮಕ್ಕಳ ಹಸಿವಿನ ಬಗ್ಗೆ ಒಂದು ಮಾತೂ ಆ ಯೋಚನೆಯಲ್ಲಿ ಇರಲಿಲ್ಲ ಅನ್ನುವುದು ಈಗ ಗೊತ್ತಾಗುತ್ತದೆ.

ಬೆಳಿಗ್ಗೆ ಉಂಡಿಯ ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿದೆ. ಆಮೇಲೆ ಸೀದಾ ನನ್ನ ಖಾಯಂ ಭಜಿ ಅಂಗಡಿಗೆ. ಅರವತ್ತು ಮಿರ್ಚಿ ಭಜಿ ಹೇಳಿದೆ. ಒಂದು ದೊಡ್ಡ ಪಾತ್ರೆಯಲ್ಲಿ ಚುರುಮುರಿಯ ಸೂಸಲಾ. ಜೊತೆಗೆ ಎರಡು ದೊಡ್ಡ ಬಾಟಲಿ ಕಿತ್ತಳೆ ಬಣ್ಣದ ತಂಪು ಪಾನೀಯ. ನಮ್ಮ ಇಂಡಿ ತಾಲೂಕಿನ ಲಿಂಬೆಗೆ ಜಿಐ ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಊರೂರಿಗೆ ಲಿಂಬೆ ಕಳಿಸುವ ಜಿಲ್ಲೆ ನಮ್ಮದು. ಅಲ್ಲಿದ್ದುಕೊಂಡು ನಾನು ಬಾಟಲಿ ಹೊತ್ತು ಹೋದೆ.

ನಮ್ಮ ಆಟ ಮಧ್ಯಾಹ್ನ ಎರಡಕ್ಕೆ ಅಂತ ಹೇಳಿದ್ದರು. ನಾನು ಹನ್ನೊಂದಕ್ಕೆ ಮುಟ್ಟಿದೆ. ಮೈದಾನ ಎರೆ ಮಣ್ಣಿನದು. ರಾತ್ರಿ ಸ್ವಲ್ಪ ಮಳೆ ಹನಿದಿತ್ತು, ಅಂಕಣಕ್ಕೆ ಕೆಂಪು ಮಣ್ಣು ತಂದು ಹರಡಿದ್ದರು. ಹುಡುಗಿಯರು ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಭಜಿಯ ವಾಸನೆ ನನಗಿಂತ ಮೊದಲು ಅವರನ್ನು ಮುಟ್ಟಿತು.

"ಕಾಕಾ ಬಂದ್ರು! ಭಜಿ ತಂದಾರ!"

ನಾನೂ ಉಬ್ಬಿದೆ. ಪಿ.ಟಿ. ಸರ್ ಅಷ್ಟೊತ್ತಿಗೆ ಹೆಸರು ಬರೆಸಲು ಟೇಬಲ್ ಹತ್ತಿರ ಹೋಗಿದ್ದರು. ಅವರಿದ್ದಿದ್ದರೆ ತಡೆಯುತ್ತಿದ್ದರೋ ಏನೋ. ಹುಡುಗಿಯರು ನಾಚಿಕೊಂಡು ಎರಡೆರಡು ತಗೊಂಡರು. ನಾನು ಬಿಡಬೇಕಲ್ಲ! "ತಗೋ ತಂಗಿ, ಓಡಬೇಕ ನೀ, ಶಕ್ತಿ ಬೇಕ" ಅಂತ ಮೂರನೆಯದು, ನಾಲ್ಕನೆಯದು ಹಾಕಿದೆ. ಖಾರ ಹತ್ತಿದವರಿಗೆ ಪಾನೀಯ ಸುರಿದೆ. ನಮ್ಮ ಕಡೆ ಬಡಿಸುವುದು ಅಂದರೆ ಹೀಗೇ ಅಲ್ವಾ? ಬೇಡ ಅಂದರೆ ಇನ್ನೂ ಒಂದು ಅಂತ ಅರ್ಥ. ನನ್ನ ಮಗಳು ಮಾತ್ರ ಒಂದೇ ಒಂದು ತಿಂದು "ಸಾಕಪಾ" ಅಂದಳು. ಅಪ್ಪನ ಮೇಲೆ ಅವಳಿಗೆ ಮೊದಲಿಂದಲೂ ಸ್ವಲ್ಪ ಸಂಶಯ.

ಹನ್ನೊಂದೂವರೆಗೆ ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಕೇಳಿತು. ಮೊದಲಿನ ಪಂದ್ಯದ ಒಂದು ತಂಡದ ಬಸ್ಸು ಬಂದಿಲ್ಲವಂತೆ. ಅದಕ್ಕೆ ನಮ್ಮ ಆಟ ಈಗಲೇ. ಪಿ.ಟಿ. ಸರ್ ಓಡಿ ಬಂದರು. ಹುಡುಗಿಯರ ಬಾಯಿ ನೋಡಿದರು. ಕೈ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಖಾಲಿ ಬುಟ್ಟಿ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಖೋ ಖೋ ಗೊತ್ತಿಲ್ಲದವರಿಗೆ ಒಂದು ಮಾತು. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಸಾಲಾಗಿ ಚೌಕದಲ್ಲಿ ಕೂರುತ್ತಾರೆ, ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಕೂರುವುದು ಅಂದರೆ ಕುಕ್ಕರಗಾಲಿನಲ್ಲಿ, ಮೊಣಕಾಲು ಹೊಟ್ಟೆಗೆ ಒತ್ತಿ, ಬೆನ್ನು ಬಾಗಿಸಿ, ಯಾವ ಗಳಿಗೆಗೆ ಬೇಕಾದರೂ ಜಿಗಿಯುವ ಹಾಗೆ. ಮೂರು ನಾಲ್ಕು ಭಜಿ, ಒಂದು ತಟ್ಟೆ ಸೂಸಲಾ, ಎರಡು ಗ್ಲಾಸು ಗ್ಯಾಸು ತುಂಬಿದ ಹೊಟ್ಟೆಯನ್ನು ಮೊಣಕಾಲಿನಿಂದ ಒತ್ತಿದರೆ ಏನಾಗುತ್ತದೆ? ನಾನು ಮೋಟರ್ ಕಟ್ಟುವವನು. ಲೋಡ್ ಹಾಕಿಯೇ ಮೋಟರ್ ಚಾಲೂ ಮಾಡಬೇಡ್ರಿ ಅಂತ ದಿನಾ ರೈತರಿಗೆ ಬುದ್ಧಿ ಹೇಳುವವನು. ಅವತ್ತು ಆ ಬುದ್ಧಿ ಅಂಗಡಿಯಲ್ಲೇ ಉಳಿದಿತ್ತು.

ಮೊದಲು ನಮ್ಮವರದೇ ಚೇಸಿಂಗ್. ಹಿಂದಿನಿಂದ ಬೆನ್ನು ಮುಟ್ಟಿ, ಜೋರಾಗಿ ಖೋ ಅನ್ನಬೇಕು. ಅಂದಾಗಲೇ ಕುಳಿತವಳು ಏಳಬೇಕು. "ಗೋಳಗುಮ್ಮಟದಾಗ ಕೂಗಿದಂಗ ಕೂಗ್ರಿ" ಅಂತ ಸರ್ ಎರಡು ತಿಂಗಳು ಹೇಳಿಕೊಟ್ಟಿದ್ದರು. ಕ್ಯಾಪ್ಟನ್ ಹುಡುಗಿ ಓಡಿದಳು, ಬೆನ್ನು ಮುಟ್ಟಿದಳು, ಬಾಯಿ ತೆರೆದಳು. ಖೋ ಬರಲಿಲ್ಲ. ದೊಡ್ಡದೊಂದು ತೇಗು ಬಂತು. ಗೋಳಗುಮ್ಮಟದೊಳಗೆ ಆ ತೇಗು ಬಂದಿದ್ದರೆ ಏಳು ಸಲ ಕೇಳುತ್ತಿತ್ತು. ಮೈದಾನವೆಲ್ಲ ನಕ್ಕಿತು. ಕುಳಿತವಳು ಏಳಬೇಕೋ ಬೇಡವೋ ತಿಳಿಯದೆ ಅಲ್ಲೇ ಅಲ್ಲಾಡಿದಳು. ಅಷ್ಟರಲ್ಲಿ ಎದುರಿನ ಓಟಗಾರ್ತಿ ಸಾಲು ದಾಟಿ ಆ ಕಡೆ ಹೋಗಿ ನಿಂತಿದ್ದಳು.

ಎರಡನೆಯದು ಇನ್ನೂ ಕೆಟ್ಟದ್ದು. ಕಂಬದ ಹತ್ತಿರ ಡೈವ್ ಹೊಡೆಯುವುದರಲ್ಲಿ ನಮ್ಮ ತಂಡದಲ್ಲಿ ಒಬ್ಬಳು ಹುಷಾರಿದ್ದಾಳೆ, ಅದೇ ಫುಟಾಣಿ ಪೊಟ್ಟಣದ ಹುಡುಗಿ. ಅವಳು ಕೈ ಚಾಚಿ ಹೊಟ್ಟೆಯ ಮೇಲೆ ಬಿದ್ದಳು. ಔಟ್ ಸಿಕ್ಕಿತು. ಆದರೆ ಎದ್ದವಳು ಹೊಟ್ಟೆ ಹಿಡಿದುಕೊಂಡು ಸೀದಾ ಕಂಪೌಂಡ್ ಗೋಡೆಯ ಕಡೆ ಓಡಿದಳು. ವಾಂತಿ. ಅವಳ ಜಾಗಕ್ಕೆ ಬೇರೆಯವಳನ್ನು ಇಳಿಸಿದರು. ಆ ಬೇರೆಯವಳಿಗೆ ಖಾರಕ್ಕೆ ಬಿಕ್ಕಳಿಕೆ ಹತ್ತಿ ನಿಂತಿರಲಿಲ್ಲ.

ಏಳು ನಿಮಿಷದ ಸರದಿ. ನನಗೆ ಏಳು ತಾಸು ಕುಳಿತ ಹಾಗಾಯಿತು. ಓಡುವ ಸರದಿಯಲ್ಲಿ ನಮ್ಮ ಮೊದಲ ಮೂವರು ಬೇಗನೇ ಔಟಾದರು. ಕೊನೆಗೆ ಇಳಿದ ನನ್ನ ಮಗಳು ಎಷ್ಟೋ ಹೊತ್ತು ಸಿಗದೆ ಓಡಿದಳು. ಒಂದೇ ಭಜಿ ತಿಂದವಳು! ಆದರೂ 9–11. ಎರಡು ಪಾಯಿಂಟಿನಿಂದ ಸೋತರು. ವಲಯದಿಂದ ತಾಲೂಕು, ತಾಲೂಕಿನಿಂದ ಜಿಲ್ಲೆ ಅಂತ ಮೆಟ್ಟಿಲು ಇರುತ್ತದಲ್ಲ, ನಾವು ಮೊದಲ ಮೆಟ್ಟಿಲಲ್ಲೇ ಕುಳಿತೆವು.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ಕಷ್ಟವಾಯಿತು. ವಾಂತಿ ಮಾಡಿಕೊಂಡ ಹುಡುಗಿ ಬಾಯಿ ತೊಳೆದುಕೊಂಡು ಬಂದು "ಭಜಿ ಮಸ್ತ್ ಇದ್ವು ಕಾಕಾ" ಅಂದಳು. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ.

ಗೆದ್ದ ತಂಡದ ಸರ್ ಪಕ್ಕದ ಗಿಡದ ಕೆಳಗೆ ಇದ್ದರು. ನಮಗಿಂತ ಸಣ್ಣ ಶಾಲೆ, ಊರ ಅಂಚಿನದು. ಅವರ ಹತ್ತಿರ ಒಂದು ಕೊಡ ನೀರು, ಒಂದು ಚೀಲ ಬಾಳೆಹಣ್ಣು, ಅಷ್ಟೇ. ನಾಚಿಕೆ ಬಿಟ್ಟು ಕೇಳಿದೆ. "ಏನ್ ತಿನ್ನಸ್ತೀರಿ ಸರ್?"

"ಏನಿಲ್ರಿ. ಬೆಳಿಗ್ಗೆ ಎಂಟಕ್ಕ ಉಪ್ಪಿಟ್ಟು ಹಾಕಿವಿ. ಹೊಟ್ಟಿತುಂಬ ತಿಂದ ಮ್ಯಾಲ ಎರಡ ಮೂರ ತಾಸರೆ ಬಿಡಬೇಕ್ರಿ. ಆಮ್ಯಾಲ ಆಟದಕಿಂತ ಅರ್ಧ ತಾಸು ಮೊದಲ ಅರ್ಧ ಬಾಳೆಹಣ್ಣು. ನಡುವ ಗುಟುಕು ಗುಟುಕು ನೀರು. ಎಣ್ಣಿದು ಬಿಲ್ಕುಲ್ ಇಲ್ರಿ, ಹೊಟ್ಯಾಗ ಹಂಗ ಕುಂದರ್ತದ." ಸ್ವಲ್ಪ ತಡೆದು ಕೇಳಿದರು. "ಆದ್ರ ನಿಮ್ಮ ಭಜಿ ಎಲ್ಲಿದ್ರಿ? ವಾಸನಿ ಇಲ್ಲೀತನ ಬಂದಿತ್ತು."

ಅಂದರೆ ಅವರ ಹುಡುಗಿಯರಿಗೂ ಆಸೆ ಇತ್ತು. ಅವರು ತಡೆದಿದ್ದರು, ನಾನು ಬಡಿಸಿದ್ದೆ.

ಮನೆಗೆ ಬಂದು ಡಿಕ್ಕಿ ತೆಗೆದರೆ ಉಂಡಿಯ ಡಬ್ಬಿ ಬೆಚ್ಚಗೆ ಕುಳಿತಿತ್ತು. ಎಣಿಸಿದೆ. ಹದಿಮೂರು. ಹನ್ನೆರಡು ಹುಡುಗಿಯರಿಗೆ, ಒಂದು ಸರ್‌ಗೆ. ನನಗೆ ಅಂತ ಅವಳು ಇಟ್ಟಿರಲೇ ಇಲ್ಲ. ಮಗಳು ಫೋನಿನಲ್ಲಿ ತಾಯಿಗೆ ಎಲ್ಲ ವರದಿ ಒಪ್ಪಿಸಿದಳು. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ ನಗು. ಜಮಖಂಡಿಯ ಮನೆ ಮಂದಿಯೆಲ್ಲ ಸೇರಿ ನಗುತ್ತಿದ್ದರು, ಅತ್ತೆಯ ದನಿ ಬೇರೆಯಾಗಿ ಕೇಳುತ್ತಿತ್ತು.

ಮುಂದಿನ ಪಟ್ಟಿ ಬಂದಾಗ ನಮ್ಮ ಮನೆಯ ಎದುರು ಎರಡು ಸಾಲು ಇತ್ತು. ಹೆಂಡತಿಯ ಹೆಸರಿನ ಮುಂದೆ ತಿನಿಸು. ನನ್ನ ಹೆಸರಿನ ಮುಂದೆ, ಮಗಳ ಅಕ್ಷರದಲ್ಲಿ, 'ನೀರು ಮಾತ್ರ'.

ಗಣೇಶನ ಹಬ್ಬ ಕಳೆದ ಮೇಲೆ, ನಮ್ಮನ್ನು ಸೋಲಿಸಿದ ಆ ಶಾಲೆಯ ಜೊತೆ ಪಿ.ಟಿ. ಸರ್ ಒಂದು ಸೌಹಾರ್ದ ಪಂದ್ಯ ಇಟ್ಟುಕೊಂಡರು. ನಾನು ಇಪ್ಪತ್ತು ಲೀಟರಿನ ಕ್ಯಾನ್ ಹೊತ್ತು ಹೋದೆ. ಲಿಂಬೆ ಹಿಂಡಿದೆ, ಸಕ್ಕರೆ ಹಾಕಿದೆ, ಚಿಟಿಕೆ ಉಪ್ಪು ಹಾಕಿದೆ. ಬಾಳೆಹಣ್ಣನ್ನು ಅರ್ಧ ಅರ್ಧ ಮಾಡಿ, ಗಡಿಯಾರ ನೋಡಿ, ಸರಿಯಾಗಿ ಅರ್ಧ ತಾಸು ಮೊದಲು ಹಂಚಿದೆ. ಯಾರಾದರೂ ಇನ್ನರ್ಧ ಕೇಳಿದರೆ ಕೊಡಲಿಲ್ಲ. ಅಂಥ ಶಿಸ್ತು.

ಈ ಸಲ ಐದು ಪಾಯಿಂಟಿನಿಂದ ಸೋತರು.

ಎದುರಿನವರು ಚೆನ್ನಾಗಿ ಆಡಿದರು, ಅಷ್ಟೇ. ನಿಜ ಹೇಳಲಾ? ನನಗೆ ಒಳಗೊಳಗೆ ಒಂದು ಭಾರ ಇಳಿದ ಹಾಗಾಯಿತು. ಅದನ್ನು ಯಾರಿಗೂ ತೋರಿಸದೆ ಖಾಲಿ ಗ್ಲಾಸು ಎತ್ತಿಡುತ್ತಿದ್ದೆ. ಕ್ಯಾಪ್ಟನ್ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಹಿಂದೆ ಇಡೀ ತಂಡ. ಅವರ ಹಿಂದೆ ಎದುರು ತಂಡದ ನಾಲ್ಕು ಜನ.

"ಕಾಕಾ, ಭಜಿ ತಂದೀರೇನ್ರಿ?"

"ಇಲ್ಲವಾ, ನೀರ ಅಷ್ಟ."

"ಆಟ ಮುಗೀತಲ್ರಿ. ಈಗರೆ ತರ್ರಿ."

ಪಿ.ಟಿ. ಸರ್ ಕಡೆ ನೋಡಿದೆ. ಅವರು ಇನ್ನೊಬ್ಬ ಸರ್ ಕಡೆ ನೋಡಿದರು. ಇನ್ನೊಬ್ಬ ಸರ್ ಆಗಲೇ ಜೇಬಿನಿಂದ ನೂರರ ನೋಟು ತೆಗೆದು ನನ್ನ ಕೈಗೆ ಹಿಡಿದಿದ್ದರು. "ನನಗ ನಾಕು ಜಾಸ್ತಿ ಇರ್ಲ್ರಿ" ಅಂದರು.

ಕ್ಯಾನ್ ಅಲ್ಲೇ ಬಿಟ್ಟು ಸ್ಕೂಟರ್ ಚಾಲೂ ಮಾಡಿದೆ.