ಚಿಟ್ಟೆಗೆ ತನ್ನ ಜೋಡಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಚಿಟ್ಟೆ ನೋಡಲು ನಿಂತವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಹೆಣ್ಣಿನ ಮೇಲೆ ಗಂಡು ಗೇಣುದ್ದ ಎತ್ತರದಲ್ಲಿ ರೆಕ್ಕೆ ನಡುಗಿಸುತ್ತಾ ನಿಂತಿರುತ್ತದೆ. ಪಕ್ಕದಲ್ಲೇ ಬೇರೆ ಜಾತಿಯ ಚಿಟ್ಟೆ ಹಾದುಹೋದರೂ ಅದರ ಗೊಡವೆಗೆ ಹೋಗುವುದಿಲ್ಲ. ಇದನ್ನು ಹೇಳಿಕೊಟ್ಟವರು ಯಾರು? ತಾಯಿ ಮೊಟ್ಟೆಯಿಟ್ಟು ಹೋಗಿಬಿಡುತ್ತದೆ, ಮರಿ ಅದನ್ನು ನೋಡಿಯೇ ಇರುವುದಿಲ್ಲ ಅಲ್ವಾ?

ಇದಕ್ಕೆ ಅತಿ ಚೆನ್ನಾದ ಉತ್ತರ ಸಿಕ್ಕಿರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಲ್ಲಿ. ಪನಾಮದ ಕಾಡಿನಲ್ಲಿ ಮೆಲ್ಪೊಮಿನಿ ಎಂಬ ಜಾತಿಗೆ ಕಪ್ಪು ರೆಕ್ಕೆಯ ಮೇಲೆ ಕೆಂಪು ಪಟ್ಟಿ. ಅದರ ಹತ್ತಿರದ ಸಂಬಂಧಿ ಸಿಡ್ನೊಗೆ ಬಿಳಿ ಪಟ್ಟಿ. ಎರಡರ ರುಚಿಯೂ ಕೆಟ್ಟದ್ದು. ಆ ಬಣ್ಣ ಕಂಡ ಹಕ್ಕಿಗಳು ದೂರ ಸರಿಯುತ್ತವೆ. ಎರಡೂ ಬೆರೆತು ಹುಟ್ಟಿದ ಮರಿಯ ಬಣ್ಣ ಹಕ್ಕಿಗೆ ಗುರುತು ಸಿಗುವುದಿಲ್ಲ, ಅದಕ್ಕೇ ಅದರ ಮೇಲೆ ದಾಳಿ ಜಾಸ್ತಿ. ಹಾಗಾಗಿ ಗಂಡು ತನ್ನ ಬಣ್ಣದ ಹೆಣ್ಣನ್ನೇ ಹುಡುಕುವುದು ಜೀವದ ಪ್ರಶ್ನೆ. ಬಣ್ಣ ಬಳಿದ ಕಾಗದದ ರೆಕ್ಕೆ ತೋರಿಸಿದರೂ ಅದು ಹತ್ತಿರ ಬರುತ್ತದೆ! ತೀರಾ ಹತ್ತಿರ ಬಂದ ಮೇಲೆ ವಾಸನೆಯೂ ಲೆಕ್ಕಕ್ಕೆ ಬರುತ್ತದೆ, ಆದರೆ ದೂರದಿಂದ ಕರೆಯುವುದು ಬಣ್ಣವೇ.

ಕಣ್ಣೂ ಎಲ್ಲರಿಗೂ ಒಂದೇ ಅಲ್ಲ. ಎರಾಟೊ ಎಂಬ ಜಾತಿಯಲ್ಲಿ ಹೆಣ್ಣಿಗೆ ನೇರಳಾತೀತ ಬೆಳಕು ಹಿಡಿಯುವ ಎರಡು ಬಗೆಯ ಗ್ರಾಹಕಗಳಿವೆ (ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಭಾಗಗಳು), ಗಂಡಿಗೆ ಒಂದೇ. ನಮಗೆ ಕಾಣದ ಆ ಬೆಳಕಿನಲ್ಲೂ ಹೆಣ್ಣು ಬಣ್ಣಬಣ್ಣ ಬೇರ್ಪಡಿಸಬಲ್ಲದು.

ನನಗೆ ಮೈ ಜುಮ್ಮೆನ್ನಿಸುವುದು ಮುಂದಿನ ಸಂಗತಿ. ರೆಕ್ಕೆಗೆ ಕೆಂಪು ಬಳಿಯುವ ಆಪ್ಟಿಕ್ಸ್ ಜೀನ್ ಇರುವುದು 18ನೇ ವರ್ಣತಂತುವಿನಲ್ಲಿ, ಅಂದರೆ ಜೀನ್‌ಗಳು ಸಾಲಾಗಿ ಕೂತಿರುವ ಎಳೆಗಳಲ್ಲೊಂದರಲ್ಲಿ. ಕೆಂಪನ್ನು ಇಷ್ಟಪಡಿಸುವ ಭಾಗವೊಂದೂ ಅದರ ಸನಿಹದಲ್ಲೇ ಇದೆ. ಅಕ್ಕಪಕ್ಕ ಇರುವುದರಿಂದ ಬಣ್ಣವೂ ಆ ಬಣ್ಣದ ಮೇಲಿನ ಆಸೆಯೂ ಸಾಮಾನ್ಯವಾಗಿ ಒಟ್ಟಿಗೇ ಮರಿಗೆ ಹೋಗುತ್ತವೆ. 2024ರಲ್ಲಿ ಸಂಶೋಧಕರು ಅಲ್ಲಿಯ ಒಂದು ಜೀನನ್ನು ಗುರುತಿಸಿದರು. ಹೆಸರು ರೆಗ್ಯುಕ್ಯಾಲ್ಸಿನ್-1. ಅದನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರದಿಂದ ಕೆಡಿಸಿದಾಗ ಗಂಡುಗಳು ತಮ್ಮದೇ ಜಾತಿಯ ಹೆಣ್ಣುಗಳ ಹಿಂದೆ ಬೀಳುವುದು ಕಡಿಮೆಯಾಯಿತು. ಇನ್ನೂ ಒಂದು ವಿಷಯ. ಕೊಲಂಬಿಯಾದಲ್ಲಿ ಮೆಲ್ಪೊಮಿನಿಯೂ ಟಿಮರೆಟಾ ಎಂಬ ಇನ್ನೊಂದು ಜಾತಿಯೂ ಕೆಂಪನ್ನೇ ಮೆಚ್ಚುತ್ತವೆ. ಆ ಮೆಚ್ಚುಗೆ ಎರಡರಲ್ಲೂ ಬೇರೆಬೇರೆಯಾಗಿ ಹುಟ್ಟಿದ್ದಲ್ಲ. ಹಿಂದೆ ಯಾವಾಗಲೋ ಜಾತಿ ಮೀರಿ ಕೂಡಿದಾಗ ಒಂದರಿಂದ ಇನ್ನೊಂದಕ್ಕೆ ದಾಟಿದ್ದು.