ಮೈಸೂರಿಂದ ಮೇಲುಕೋಟೆಗೆ ಸೈಕಲ್ಲಲ್ಲಿ, ಗುಂಪಲ್ಲಿ

ಜನವರಿ ಭಾನುವಾರ, ಬೆಳಿಗ್ಗೆ ಇನ್ನೂ ಕತ್ತಲು, ನಮ್ ಕ್ಲಬ್ಬಿನೋರೆಲ್ಲ ಮಿಲೇನಿಯಂ ಸರ್ಕಲ್ ಹತ್ರ ಸೇರಿದ್ವಿ. ಹೋಗೋದು ಮೇಲುಕೋಟೆಗೆ, ಒಂದು ಕಡೆಗೆ ಸುಮಾರು 50 ಕಿಲೋಮೀಟರ್. ರೈಡ್ ನಡೆಸೋರು ರಿಟೈರ್ ಆಗಿರೋ ಮೇಷ್ಟ್ರು ಒಬ್ರು. ಗಾಳಿ, ಬ್ರೇಕು, ಚೈನು ಮೂರನ್ನೂ ಎಲ್ಲರ ಸೈಕಲ್ಲಲ್ಲೂ ಅವ್ರೇ ಮುಟ್ಟಿ ನೋಡ್ತಾರೆ, ಹೆಲ್ಮೆಟ್ ಇಲ್ದಿದ್ರೆ ವಾಪಸ್ ಮನೆಗೇ. ಹಿಂದಿನ ಕೆಂಪು ಲೈಟ್ ಮಿಣುಕ್ ಮಿಣುಕ್ ಅಂತಿದ್ರೆ ನಿಲ್ಲಿಸಿ ಸಣ್ಣಗೆ ಉರಿಯೋ ಹಾಗೆ ಇಡಿಸ್ತಾರೆ, ಯಾಕಂದ್ರೆ ಹಿಂದೆ ಬರೋನ ಕಣ್ಣಿಗೆ ಕತ್ತಲಲ್ಲಿ ಅದು ಚುಚ್ತಾನೇ ಇರುತ್ತೆ, ಮಿಣುಕೋ ಲೈಟು ಕೊನೆಯವರಿಗೆ ಮಾತ್ರ. ಆ ಕೊನೆಯವರನ್ನ ನಾವು ಸ್ವೀಪ್ ಅಂತೀವಿ, ಅವತ್ತು ಆ ಕೆಲಸ ನಂದು.

ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ, ಹಾಗಾಗಿ ನಮ್ಗೆಲ್ಲ ಸರ್ವೀಸ್ ರೋಡೇ ಗತಿ. ಸಿದ್ಧಲಿಂಗಪುರ, ಕಳಸ್ತವಾಡಿ ದಾಟೋವರೆಗೂ ಒಂದೇ ಸಾಲು. ಎದುರಿಂದ ರಾಂಗ್ ಸೈಡಲ್ಲಿ ಬರೋ ಬೈಕು, ಲೈಟಿಲ್ದೆ ನಿಂತಿರೋ ಲಾರಿ, ಗುಂಡಿ, ಎಲ್ಲಾ ಅಲ್ಲೇ. ಮುಂದಿನೋರ ಚಕ್ರಕ್ಕೂ ನಮ್ ಚಕ್ರಕ್ಕೂ ಒಂದು ಮಾರು ದೂರ ಅಷ್ಟೇ ಇರುತ್ತೆ, ರಸ್ತೆ ಕಾಣಲ್ಲ, ಕಾಣೋದು ಮುಂದಿನೋರ ಬೆನ್ನು ಮಾತ್ರ. ಅದಕ್ಕೇ ಮೊದಲನೆಯವರು ಗುಂಡಿ ಕಂಡ ತಕ್ಷಣ ಆ ಕಡೆ ಕೈ ಕೆಳಗೆ ಮಾಡಿ ತೋರಿಸ್ತಾರೆ, ಎರಡನೆಯವರು ಮೂರನೆಯವರಿಗೆ, ಹೀಗೆ ಕೊನೆವರೆಗೂ ಬರಬೇಕು. ಮಧ್ಯದಲ್ಲಿ ಒಬ್ರು ಸುಮ್ನಾದ್ರೆ ಅವರ ಹಿಂದಿನೋರಿಗೆಲ್ಲ ಕಣ್ಣು ಕಟ್ಟಿದ ಹಾಗೆ.

ಶ್ರೀರಂಗಪಟ್ಟಣದಲ್ಲಿ ಒಂದು ಕಾಫಿ, ಆಮೇಲೆ ಕಿರಂಗೂರಿಂದ ಪಾಂಡವಪುರದ ಕಡೆ ತಿರುಗಿದ್ವಿ. ರಸ್ತೆ ಖಾಲಿ ಇದ್ದಾಗ ಇಬ್ಬಿಬ್ರು ಜೋಡಿಯಾಗಿ ಹೋಗ್ತೀವಿ. ಇದಕ್ಕೆ ಬೈಯೋರು ತುಂಬಾ ಜನ, ಆದ್ರೆ ಸಾಲು ಅರ್ಧಕ್ಕರ್ಧ ಗಿಡ್ಡ ಆಗುತ್ತೆ, ಕಾರಿನೋರಿಗೆ ಬೇಗ ದಾಟ್ಕೊಂಡು ಹೋಗೋಕೂ ಸುಲಭ ಅನ್ನೋದು ನನ್ ಅಭಿಪ್ರಾಯ. ಆದ್ರೆ ಇಕ್ಕಟ್ಟಾದ ರೋಡಲ್ಲಿ ನಾನು ಹಿಂದಿಂದ "ಬಸ್ ಬಸ್" ಅಂತ ಕೂಗಿದ ತಕ್ಷಣ ಮಾತು ಅರ್ಧಕ್ಕೇ ಬಿಟ್ಟು ಒಂದೇ ಸಾಲು ಆಗಲೇಬೇಕು, ಅದ್ರಲ್ಲಿ ರಾಜಿ ಇಲ್ಲ. ಮುಂದೆ ಗಾಳಿ ಸೀಳ್ಕೊಂಡು ಹೋಗೋರು ಬೇಗ ಸುಸ್ತಾಗ್ತಾರೆ, ಐದಾರು ನಿಮಿಷಕ್ಕೊಮ್ಮೆ ಅವ್ರು ಪಕ್ಕಕ್ಕೆ ಸರಿದು ಹಿಂದಕ್ಕೆ ಬರ್ತಾರೆ, ಅವರ ಹಿಂದಿದ್ದೋರು ಮುಂದೆ ಹೋಗ್ತಾರೆ. ಮುಂದೆ ಸಿಕ್ಕ ಖುಷಿಗೆ ಸ್ಪೀಡ್ ಏರಿಸಿದ್ರೆ ಸಾಲು ಹರ್ಕೊಂಡು ಹೋಗುತ್ತೆ.

ಕಬ್ಬಿನ ಕಾಲ ಬೇರೆ. ಎರಡೆರಡು ಟ್ರೈಲರ್ ಕಟ್ಕೊಂಡು, ಎರಡೂ ಪಕ್ಕ ಜಲ್ಲೆ ಚಾಚ್ಕೊಂಡು ಹೋಗೋ ಟ್ರ್ಯಾಕ್ಟರ್‌ಗಳು, ಒಳಗೆ ಜೋರಾಗಿ ಹಾಡು, ನಾವು ಎಷ್ಟು ಕೂಗಿದ್ರೂ ಡ್ರೈವರ್‌ಗೆ ಕೇಳಲ್ಲ. ಅದನ್ನ ದಾಟೋವಾಗ ಮಾತ್ರ ಮುಂದಿನೋರ ಸನ್ನೆ ನಂಬೋ ಹಾಗಿಲ್ಲ, ಅವ್ರಿಗೆ ಕ್ಲಿಯರ್ ಇದ್ದ ರೋಡು ನಮ್ ಸರದಿ ಬರೋ ಹೊತ್ತಿಗೆ ಕ್ಲಿಯರ್ ಇರ್ಬೇಕಲ್ಲ, ಪ್ರತಿಯೊಬ್ರೂ ತಾವೇ ಹಿಂದೆ ಮುಂದೆ ನೋಡಿನೇ ಹೋಗ್ಬೇಕು. ಆಚೆ ಹೋದೋರು ಎಡಕ್ಕೆ ಬಂದು ನಿಧಾನ ಮಾಡಿ ಉಳಿದೋರಿಗೆ ಕಾಯ್ತಾರೆ.

ಪಾಂಡವಪುರ ಬಿಟ್ಟು, ಕುಂತಿಬೆಟ್ಟ ಹಿಂದಾದ ಮೇಲೆ ಸಿಕ್ತು ನೋಡಿ ಹುರುಳಿ ಒಕ್ಕಣೆ. ಅರ್ಧ ರಸ್ತೆಗೆ ಹುರುಳಿ ಹರಡಿ, ಅಂಚಿಗೆ ಕಲ್ಲು ಇಟ್ಟಿದ್ರು, ಬಸ್ಸು ಲಾರಿ ಮೇಲೆ ಹೋದ್ರೆ ಕಾಳು ಬಿಡ್ಲಿ ಅಂತ. ಸೈಕಲ್‌ಗೆ ಇದು ಬಹಳ ಅಪಾಯ, ಬಳ್ಳಿ ಗೇರಿಗೆ ಸುತ್ಕೊಂಡ್ರೆ ಹಿಂದಿನ ಚಕ್ರ ಅಲ್ಲೇ ಲಾಕು, ಒಣಗಿದ ಸಿಪ್ಪೆ ಮೇಲೆ ಬ್ರೇಕ್ ಹಿಡಿದ್ರೆ ಜಾರೋದು ಗ್ಯಾರಂಟಿ. ಮೇಷ್ಟ್ರು ಕೈ ಮೇಲೆತ್ತಿದ್ರು, ಎಲ್ಲರೂ ಇಳಿದ್ವಿ. ಮೊರ ಹಿಡ್ಕೊಂಡಿದ್ದ ಅಜ್ಜಿ, "ಬನ್ರಪ್ಪಾ, ಮ್ಯಾಲೇ ಹೋಗಿ, ಏನೂ ಆಗಕಿಲ್ಲ" ಅಂದ್ರು.

"ಇಲ್ಲ ಕಣವ್ವಾ, ಚೈನಿಗೆ ಸುತ್ಕತದೆ, ತಳ್ಕಂಡೇ ಹೋಯ್ತೀವಿ" ಅಂದ್ರು ಮೇಷ್ಟ್ರು.

"ಎಲ್ಲಿಗಂಟ ಹೊಂಟ್ರಿ?"

"ಮೇಲ್ಕೋಟೆಗೆ."

"ಅಲ್ಲೀಗಂಟ ತುಳ್ಕಂಡೇ ಹೋದೀರಾ?" ಅಂತ ಆಶ್ಚರ್ಯಪಟ್ಟು, ಕೋಲಲ್ಲಿ ಅಂಚಿನ ಹುರುಳಿ ಸರಿಸಿ ನಮ್ಗೆ ಒಂದು ಗೇಣು ದಾರಿ ಬಿಡಿಸಿಕೊಟ್ರು. ನಮ್ಮಲ್ಲೊಬ್ಬ ಹುಡುಗ ರೋಡೇನು ಇವರ ಕಣಾನಾ ಅಂತ ಗೊಣಗ್ದ. ರಾತ್ರಿ ಹೊತ್ತು ಬೈಕಿನೋರು ಇದ್ರ ಮೇಲೆ ಬೀಳೋದೂ ನಿಜಾನೇ, ಒಕ್ಕಣೆಗೆ ಸರಿಯಾದ ಕಣ ಆಗ್ಲೇಬೇಕು. ಆದ್ರೆ ಭಾನುವಾರ ಖುಷಿಗೆ ಅಂತ ಬಂದ ನಾವು ವರ್ಷದ ಬೆಳೆ ಮುಂದೆ ನಿಂತು ಜೋರು ಮಾಡೋದು ನಂಗಂತೂ ಸರಿ ಕಾಣಲ್ಲ.

ಜಕ್ಕನಹಳ್ಳಿ ದಾಟಿ ಏರು ಶುರು. ಏರಲ್ಲಿ ಗುಂಪು ಗಿಂಪು ಇಲ್ಲ, ಅವರವರ ಉಸಿರಿಗೆ ತಕ್ಕ ಹಾಗೆ ಹತ್ತಿ, ಮೇಲೆ ಹೋಗಿ ಕಾಯೋದು. ಹೊಸದಾಗಿ ಸೇರಿದ ಹುಡುಗಿ ಹಿಂದೆ ಬಿದ್ಲು. "ಅಣ್ಣ ನೀವು ಹೋಗಿ, ನಾನು ಬರ್ತೀನಿ" ಅಂದ್ಲು. ಹಾಗನ್ನೋರನ್ನ ಬಿಟ್ಟು ಹೋಗೋಕೇ ಆಗಲ್ಲ ಸ್ವೀಪು, ಜೊತೆಗೇ ತುಳಿದೆ, ಮಾತಾಡ್ಸದೆ, ಏದುಸಿರಲ್ಲಿ ಇರೋರಿಗೆ ಉತ್ತರ ಹೇಳೋದೂ ಒಂದು ಭಾರಾನೇ. ಮೇಲೆ ಎಲ್ಲರೂ ಸೈಕಲ್ಲನ್ನ ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿ ನಿಂತಿದ್ರು. ಕಲ್ಯಾಣಿ ಮೆಟ್ಲ ಮೇಲೆ ಕೂತು ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದ್ವಿ, ನರಸಿಂಹಸ್ವಾಮಿ ಬೆಟ್ಟಕ್ಕೆ ಕಾಲಿದ್ದೋರು ಹತ್ತಿ ಬಂದ್ರು.

ಇಳಿಜಾರಲ್ಲಿ ಅಂತರ ಜಾಸ್ತಿ, ಜೋಡಿ ಬಂದ್, ಬ್ರೇಕ್ ಮೇಲೆ ಬೆರಳು. ನೀವೂ ಬರೋದಾದ್ರೆ ಚಳಿಗಾಲದಲ್ಲಿ ಬೆಳಕು ಹರಿದ ಮೇಲೇ ಪಾಂಡವಪುರ ದಾಟೋ ಹಾಗೆ ಹೊರಡಿ, ಹುರುಳಿ ಕತ್ತಲಲ್ಲಿ ಕಾಣಲ್ಲ, ಮತ್ತೆ ಗುಂಪಿಗೊಂದಾದ್ರೂ ಸಣ್ಣ ಚಾಕು ಇಟ್ಕೊಳಿ, ಗೇರಿಗೆ ಸುತ್ಕೊಂಡ ಬಳ್ಳಿ ಕೈಯಲ್ಲಿ ಎಳೆದ್ರೆ ಬರಲ್ಲ.